ಗೆರೆ ಎಳೆಯದ ಹಾಳೆ

ತಂಗಿ ಓದಲು ಕೊಟ್ಟ ಒಂದೇ ಒಂದು ಹಾಳೆಯನ್ನು ನಾನು ಪೂರ್ತಿ ಓದಲಿಲ್ಲ. ಓದಿದೆ, ತಿಳಿಯಿತು ಎಂದು ಸುಳ್ಳು ಹೇಳಿದೆ. ಮೊನ್ನೆ ಟ್ರಂಕು ತೆಗೆದಾಗ ಗಿರಣಿಯ ಹಳೆಯ ಅಂಗಿಗಳ ತೌಡಿನ ವಾಸನೆಯ ನಡುವೆ ಅದು ಸಿಕ್ಕಿತು.

ಏಳನೆಯ ತರಗತಿಗೆ ಶಾಲೆ ಬಿಟ್ಟು ಅಕ್ಕಿಆಲೂರಿನ ಅಕ್ಕಿ ಗಿರಣಿ ಸೇರಿದವನು ನಾನು. ಬಂದ ಭತ್ತವನ್ನು ಅಂಗೈಯಲ್ಲಿ ಹರಡಿ ಹರಳು, ಜೊಳ್ಳು ಹುಡುಕುವುದು ನನ್ನ ಕೆಲಸ. ತಂಗಿ ಭೌತಶಾಸ್ತ್ರ ಓದಿ ದೂರದ ಊರಿನಲ್ಲಿ ಸಂಶೋಧನೆಗೆ ಸೇರಿದ್ದಳು. ರಜೆಗೆ ಬಂದರೆ ಗಿರಣಿಗೂ ಬಂದು ಪಕ್ಕದಲ್ಲಿ ಕೂರುತ್ತಿದ್ದಳು.

“ನೀ ಹರಳು ಆರಿಸಿ ಒಗೀತಿ. ನಾ ಬೇಕಂತಲೇ ಒಂದು ಹಾಕಿ, ಏನಾಗತೈತಿ ಅಂತ ನೋಡ್ತೇನಿ.”

“ಹಂಗಾದ್ರ ನಮ್ಮ ಗಿರಣ್ಯಾಗ ನಿನ್ನ ಒಂದು ದಿವ್ಸಾನೂ ಇಟ್ಕೊಳ್ಳಾಂಗಿಲ್ಲ ಬಿಡು.”

ನಕ್ಕಿದ್ದಳು...

ಶಿಗ್ಗಾಂವದ ಒಂದು ಕಾಲೇಜಿನಲ್ಲಿ ತನ್ನ ಕೆಲಸದ ಬಗ್ಗೆ ಕನ್ನಡದಲ್ಲಿ ಮಾತಾಡಲು ಅವಳನ್ನು ಕರೆದರು. ಬರೆದದ್ದರ ಒಂದು ಪ್ರತಿಯನ್ನು ಪೆನ್ಸಿಲ್ ಜೊತೆ ನನಗೆ ಕೊಟ್ಟಳು. “ತಿಳೀದಿದ್ದಲ್ಲಿ ಗೆರಿ ಎಳಿ, ಯಣ್ಣಾ. ನಿನಗ ತಿಳಿದರ ಅಕ್ಕಿಆಲೂರ ಸಂತಿಗೆಲ್ಲಾ ತಿಳಿದಂಗ.”

ವಿಪರೀತ ಚಳಿಯಲ್ಲಿ ಪರಮಾಣುಗಳು ಪಾತ್ರೆಯಿಲ್ಲದೆ ತಾವೇ ಕೂಡಿ ಹನಿಯಾಗುತ್ತವೆ ಎಂಬಲ್ಲಿಯವರೆಗೆ ತಿಳಿಯಿತು. ಅದು ಎರಡು ಸಾಲು. ಮೂರನೆಯದಕ್ಕೆ ನಿಂತೆ. ಗೆರೆ ಎಳೆದರೆ ನನ್ನ ಏಳನೆಯ ತರಗತಿ ಬಯಲಾದೀತು ಅನ್ನಿಸಿತು. ಪೆನ್ಸಿಲ್ ವಾಪಸು ಕೊಟ್ಟೆ. “ಎಲ್ಲಾ ತಿಳೀತು.” ಅವಳ ಮುಖ ಅರಳಿತು.

ಕಾಲೇಜಿಗೆ ನನ್ನನ್ನೂ ಕರೆದುಕೊಂಡು ಹೋಗಿ, ಒಂದು ಪದವನ್ನೂ ಬದಲಿಸದೆ ಅದನ್ನೇ ಓದಿದಳು. “ಗಿರಣಿಯಲ್ಲಿ ದುಡಿಯುವ ನಮ್ಮಣ್ಣನಿಗೆ ಇದರ ಪ್ರತಿ ಸಾಲೂ ತಿಳಿದಿದೆ” ಎಂದೇ ಶುರು ಮಾಡಿದ್ದಳು. ಸ್ವಲ್ಪ ಹೊತ್ತಿಗೆ ಹುಡುಗರು ಮೊಬೈಲು ತೆಗೆದರು. ಹಿಂದೆ ಯಾರೋ ಆಕಳಿಸಿದರು, ಸುತ್ತಲಿನವರು ನಕ್ಕರು. ಅವಳು ಓದುತ್ತಲೇ ನನ್ನ ಕಡೆ ನೋಡಿದಳು. ನಾನು ಕಿಟಕಿಯ ಕಡೆ ನೋಡಿದೆ.

ಹಾನಗಲ್ ಬಸ್ಸಿನಲ್ಲಿ ಇಷ್ಟೇ ಅಂದಳು: “ನಿನಗರ ತಿಳೀತಲ್ಲ, ಸಾಕು ಬಿಡು.”

ಆಮೇಲೆ ಅವಳು ತನ್ನ ಕೆಲಸದ ಬಗ್ಗೆ ಕನ್ನಡದಲ್ಲಿ ಬರೆಯಲಿಲ್ಲ. ಎರಡು ವರ್ಷಕ್ಕೆ ಕಾಯಿಲೆಯಾಗಿ ತೀರಿಕೊಂಡಳು.

ಮೊನ್ನೆ ಇಡೀ ಹಾಳೆಯನ್ನು ನಿಧಾನವಾಗಿ ಓದಿದೆ. ಹೊರಗಿನ ಒಂದು ಕಣವನ್ನು ಹನಿಗೆ ಬಿಟ್ಟರೆ ಅದು ನಡುವೆ ಕೂರಬಹುದು, ಅಂಚಿಗೆ ಅಂಟಬಹುದು, ಹೊರಗೂ ಬೀಳಬಹುದು. ಅದು ಎಲ್ಲಿ ನಿಂತಿತು ಎಂಬುದರಿಂದಲೇ ಹನಿಯ ಗುಣ ತಿಳಿಯುತ್ತದೆ ಎಂದು ಕೊನೆಯಲ್ಲಿ ಬರೆದಿದ್ದಳು. ಅದು ಗೊತ್ತಾಯಿತು. ಮೂರನೆಯ ಸಾಲು ಮಾತ್ರ ಈಗಲೂ ಗೊತ್ತಾಗಲಿಲ್ಲ. ಅದರ ಕೆಳಗೆ ಪೆನ್ಸಿಲ್‌ನಿಂದ ಗೆರೆ ಎಳೆದೆ. ಮನೆಯಲ್ಲಿ ಯಾರೂ ಇರಲಿಲ್ಲ. ಆದರೂ ಬಾಯಿಬಿಟ್ಟು ಹೇಳಿದೆ:

“ಇದು ನನಗ ತಿಳೀಲಿಲ್ಲ, ತಂಗೀ. ಅವತ್ತೂ ತಿಳಿದಿದ್ದಿಲ್ಲ. ತಪ್ಪಾತವ್ವಾ.”