ಹರಿಹರದವನು ತಂದ ಕೊನೆಯ ಫ್ಲಾಪಿ

ಮೊನ್ನೆ ಆಯುಧಪೂಜೆಯ ರಜೆ ಕಳೆದು ಬ್ಯಾಂಕಿಗೆ ಹೋಗಿದ್ದೆ. ಕೌಂಟರಿನ ಕಂಪ್ಯೂಟರಿಗೆ ವಿಭೂತಿಯ ಪಟ್ಟೆ, ಮೇಲೊಂದು ಬಾಡಿದ ಚೆಂಡು ಹೂವು. ಆ ವಾಸನೆಗೆ ಹರಿಹರದ ಗೆಳೆಯ ನೆನಪಾದ...

ತೊಂಬತ್ತರ ದಶಕದ ಕೊನೆ. ದಾವಣಗೆರೆಯ ಒಂದು ಕಂಪ್ಯೂಟರ್ ಕ್ಲಾಸಿನಲ್ಲಿ ನಾವು ಮೂವರು ಗೆಳೆಯರು ಆಟವೊಂದನ್ನು ಮಾಡುತ್ತಿದ್ದೆವು. ಪರದೆಯ ಮೇಲೆ ಚಿತ್ರ, ಕೆಳಗೆ ಇಂಗ್ಲಿಷ್ ಅಕ್ಷರದಲ್ಲಿ ಕನ್ನಡ ಮಾತು. ಮುಂದೇನಾಗಬೇಕೆಂದು ಆಡುವವರೇ ಒಂದರ ಇಲ್ಲವೇ ಎರಡರ ಕೀಲಿ ಒತ್ತಿ ಆರಿಸಬೇಕು. ಕಥೆ ನನ್ನದು. ಪ್ರೋಗ್ರಾಂ ಕ್ಲಾಸಿನ ಮಾಲೀಕರ ತಮ್ಮನದು. ಚಿತ್ರಗಳು ಹರಿಹರದವನವು. ಅವನು ಅಪ್ಪನ ಜೊತೆ ಅಂಗಡಿ ಬೋರ್ಡು ಬರೆಯುತ್ತಿದ್ದ, ಬಿಡುವಾದಾಗ ಮಾವನ ಡಿಟಿಪಿ ಅಂಗಡಿಯ ಕಂಪ್ಯೂಟರಿನಲ್ಲಿ ಮೌಸು ಹಿಡಿದು ಚುಕ್ಕೆ ಚುಕ್ಕೆಯಾಗಿ ಚಿತ್ರ ಬಿಡಿಸಿ, ಅಂಗೈಯಗಲದ ಫ್ಲಾಪಿ ಡಿಸ್ಕಿನಲ್ಲಿ ತುಂಬಿಸಿ ತರುತ್ತಿದ್ದ.

ಕೊನೆಯ ಫ್ಲಾಪಿ ತಂದದ್ದು ಆಯುಧಪೂಜೆಯ ದಿನ. ಕಥೆಯ ಹೆಂಗಸು ಸ್ಟೇಷನ್ನಿನಲ್ಲಿ ಕಾಯುತ್ತಾಳೆ, ರೈಲು ಬರುತ್ತದೆ, ಯಾರೋ ಇಳಿಯುತ್ತಾರೆ. ಯಾರೆಂದು ನಾನು ಬರೆದಿರಲಿಲ್ಲ, ಅವನಿಗೇ ಬಿಟ್ಟಿದ್ದೆ. ಇಳಿದವರ ಆ ಚಿತ್ರ ಈ ಫ್ಲಾಪಿಯಲ್ಲಿತ್ತು. ಕೇಳಿದರೆ, "ನಾಳೆ ನೋಡೀಯಂತೆ ತಡಿ," ಎಂದ. ಮಾಲೀಕರ ತಮ್ಮ ಫ್ಲಾಪಿಯನ್ನೂ ಪೂಜೆಗಿಟ್ಟು, ನೀರಲ್ಲಿ ಕಲಸಿದ ವಿಭೂತಿಯನ್ನು ಮೂರು ಬೆರಳಲ್ಲಿ ಎಳೆದ. ಮಂಡಕ್ಕಿ ತಿಂದು, ನಕ್ಕು, ಮನೆಗೆ ಹೋದೆವು.

ಮರುದಿನ ಕಂಪ್ಯೂಟರ್ ಆ ಫ್ಲಾಪಿಯನ್ನು ಓದಲಿಲ್ಲ.

ಇನ್ನೊಂದು ಪ್ರತಿ ಇದೆಯೇ ಎಂದು ಹರಿಹರದವನನ್ನು ಕೇಳಿದರೆ, ಮಾವನ ಮಶೀನಿನಲ್ಲಿ ಜಾಗವಿಲ್ಲದೆ ಅಳಿಸಿದೆ ಎಂದ. ಅವನು ನೀರು ಕುಡಿಯಲು ಹೊರಗೆ ಹೋದಾಗ ಮಾಲೀಕರ ತಮ್ಮ ನನ್ನ ಕಿವಿಯಲ್ಲಿ, "ಅಳಿಸಿದ್ನಂತೆ. ನಂಬ್ತೀಯೇನು? ಖಾಲಿ ಫ್ಲಾಪಿ ಕೊಟ್ಟು, ಅಸಲು ಬ್ಯಾರೆ ಕ್ಲಾಸಿನೋರಿಗೆ ಮಾರ್ಯಾನ," ಎಂದ. ಹಿಂದಿನ ವಾರ ಬಸ್ ಸ್ಟ್ಯಾಂಡಿನಲ್ಲಿ ಅವನು ಇನ್ನೊಂದು ಕ್ಲಾಸಿನ ಮೇಷ್ಟ್ರ ಜೊತೆ ನಿಂತದ್ದನ್ನು ನಾನೂ ನೋಡಿದ್ದೆ. ಅದುವರೆಗೆ ಏನೂ ಅನಿಸದ ಸಂಗತಿ. ಆಮೇಲೆ ಅವನು ತಡವಾಗಿ ಬಂದರೂ ಅನುಮಾನ, ಬೇಗ ಹೊರಟರೂ ಅನುಮಾನ, ಸುಮ್ಮನೆ ಕೂತರೂ ಅನುಮಾನ...

ಒಂದು ಸಂಜೆ ಮಾಲೀಕರ ತಮ್ಮ ಅವನ ಚೀಲವನ್ನೇ ಮೇಜಿನ ಮೇಲೆ ಸುರುವಿದ. ಎರಡು ಬ್ರಷ್ಷು, ಬಣ್ಣದ ಬಟ್ಟೆ, ಬುತ್ತಿಯ ಡಬ್ಬಿ.

"ಡಬ್ಬಿನೂ ತೆಗದು ನೋಡಲೇ," ಎಂದ ಹರಿಹರದವನು. "ಚಟ್ನಿ ಉಳದೈತೆ."

ಎಲ್ಲವನ್ನೂ ಚೀಲಕ್ಕೆ ತುಂಬಿಕೊಂಡು ಎದ್ದು ಹೋದ. ಅವನು ಮತ್ತೆ ಬರಲಿಲ್ಲ.

ಮುಂದಿನ ವರ್ಷದ ಪೂಜೆಯ ಮರುದಿನ, ಮಾಲೀಕರ ತಮ್ಮ ಪೂಜೆಗಿಟ್ಟಿದ್ದ ತನ್ನ ಸ್ವಂತ ಫ್ಲಾಪಿಯನ್ನೂ ಕಂಪ್ಯೂಟರ್ ಓದಲಿಲ್ಲ. ಅದರ ತಗಡಿನ ಮುಚ್ಚಳ ಸರಿಸಿ ನೋಡಿದರೆ ಒಳಗೆ ಒಣಗಿದ ವಿಭೂತಿಯ ಪುಡಿ. ಅವತ್ತೇ ಇಬ್ಬರೂ ಹರಿಹರದ ಬಸ್ಸು ಹತ್ತಿದೆವು. ಅವನು ಏಣಿಯ ಮೇಲೆ ನಿಂತು ಕಿರಾಣಿ ಅಂಗಡಿಯ ಬೋರ್ಡು ಬರೆಯುತ್ತಿದ್ದ. ಪೂರ್ತಿ ಕೇಳಿಸಿಕೊಂಡು, "ಶಿವನೇ ಅಳಿಸ್ಯಾನ ಅನ್ರಿ. ಇನ್ನ ಯಾರನ್ನ ಹಿಡಿತೀರಿ? ಬರ್ರಿ, ಚಾ ಕುಡಿಯಾಣ," ಎಂದ.

ಸ್ನೇಹ ಉಳಿಯಿತು. ಆದರೆ ಅಲ್ಲಿಂದ ಮುಂದೆ ನಮ್ಮ ಮನೆಗೆ ಯಾವಾಗ ಬಂದರೂ ಚೀಲದ ಬಾಯಿ ಬಿಚ್ಚಿ ನನ್ನ ಮುಂದಿಟ್ಟೇ ಕೂಡುತ್ತಿದ್ದ. "ಇದ್ಯಾಕಪ್ಪ, ಬ್ಯಾಡ," ಎಂದರೆ, "ಇರ್ಲಿ ಬಿಡು, ರೂಢಿ ಆಗೈತೆ," ಎನ್ನುತ್ತಿದ್ದ. ನಗುತ್ತಲೇ ಹೇಳುತ್ತಿದ್ದ. ಅದು ಬರೀ ತಮಾಷೆಯೋ ಅಲ್ಲವೋ ತಿಳಿಯಲೆಂದು ಆ ಮುಖವನ್ನೇ ನೋಡುತ್ತಿದ್ದೆ... ತಿಳಿಯುತ್ತಿರಲಿಲ್ಲ. ಆ ಚಿತ್ರವನ್ನು ಇನ್ನೊಮ್ಮೆ ಬಿಡಿಸು ಎಂದು ಕೇಳುವ ಧೈರ್ಯ ನಮ್ಮಿಬ್ಬರಿಗೂ ಬರಲಿಲ್ಲ. ಅವನೂ ಆ ಮಾತು ತೆಗೆಯಲಿಲ್ಲ.

ಈ ಬೇಸಿಗೆಯಲ್ಲಿ ಅವನು ತೀರಿಕೊಂಡ. ಆಟದ ಉಳಿದ ಭಾಗ ಮಾಲೀಕರ ತಮ್ಮನ ಹತ್ತಿರ ಈಗಲೂ ಇದೆ. ರೈಲು ಬಂದು ನಿಲ್ಲುತ್ತದೆ. ಇಳಿದವರು ಯಾರೆಂಬ ಚಿತ್ರ ಇಲ್ಲ.