ಅಮ್ಮನ ನರಗಳಿಗೆ ಮೇವು

ವಾರಕ್ಕೊಮ್ಮೆ ಊರಿಗೆ ಬಂದು ಹೋಗುವಾಗ ಬೂದಿಕೋಟೆಯಿಂದ ಬಸ್ಸು, ಬಂಗಾರಪೇಟೆಯಿಂದ ರೈಲು. ರೈಲಿನಲ್ಲಿ ಶಶಿರೇಖಳಿಗೆ ಅರ್ಧ ದಾರಿ ನಿದ್ದೆ, ಅರ್ಧ ದಾರಿ ಕನಸು. ಬೆಂಗಳೂರಿನ ಲ್ಯಾಬಿನಲ್ಲಿ ಅವಳ ಪಿಎಚ್‌ಡಿ ಮೋಟಾರ್ ನ್ಯೂರಾನ್ ಕಾಯಿಲೆಯ ಮೇಲೆ. ಕೈಕಾಲು ಆಡಿಸುವ ನರಕೋಶಗಳು ಒಂದೊಂದಾಗಿ ಸಾಯುವ ರೋಗ. ಕೋಶದ ನಡುಮನೆಯಲ್ಲಿರಬೇಕಾದ ಪ್ರೋಟೀನೊಂದು ಅಂಗಳಕ್ಕೆ ಬಂದು ಗಡ್ಡೆ ಕಟ್ಟುವುದೇಕೆ ಎಂಬುದು ಅವಳ ಪ್ರಶ್ನೆ. ಎರಡು ವರ್ಷ ರೋಗವನ್ನು ಅವಳು ಹುಡುಕಿಕೊಂಡು ಹೋದಳು. ಮೂರನೇ ವರ್ಷ ರೋಗವೇ ಅವಳ ಮನೆ ಹುಡುಕಿಕೊಂಡು ಬಂತು. ಹಾಲು ಕರೆಯುತ್ತಿದ್ದ ಅಮ್ಮ ಆದಿಲಕ್ಷ್ಮಮ್ಮನ ಹಿಡಿತ ಸಡಿಲವಾಯಿತು. ಇಂಥ ಅನ್ಯಾಯಕ್ಕೆ ಯಾರನ್ನು ಬೈಯುವುದು?

ಉಳಿದ ರೋಗಿಗಳಂತೆ ಅಮ್ಮನೂ ಲ್ಯಾಬಿಗೆ ರಕ್ತ ಕೊಟ್ಟಳು. ತಿಂಗಳುಗಟ್ಟಲೆ ಒದ್ದಾಡಿ ಅದರಿಂದ ನರಕೋಶ ಬೆಳೆಸಿದ ಶಶಿರೇಖ ಫೋಟೊ ತೋರಿಸಿದಳು: ಕತ್ತಲಲ್ಲಿ ಮಿನುಗುವ ಹಸಿರು ಎಳೆಗಳು. ಇದರಿಂದ ನಿನಗೆ ಗುಣವಾಗುವುದಿಲ್ಲ ಎಂದು ಬಿಡಿಸಿಯೇ ಹೇಳಿದಳು. ಅಮ್ಮ ಕೇಳಿದ್ದು ಒಂದೇ, ಅವು ಏನು ತಿನ್ನುತ್ತವೆ ಎಂದು. ದಿನಾ ಪೋಷಕ ದ್ರವ ಹಾಕಬೇಕು ಎಂದದ್ದೇ ತಪ್ಪಾಯಿತು. ದನಕ್ಕೆ ಮೇವು ಹಾಕದೆ ತಾವು ತುತ್ತು ಮುಟ್ಟದ ಮನೆ ಅದು. ಅಂದಿನಿಂದ ಮಗಳು ಲ್ಯಾಬಿನಿಂದ ಫೋನ್ ಮಾಡಿ "ಆಕ್ದೆ ಕಣಮ್ಮಾ" ಎನ್ನುವವರೆಗೂ ಅಮ್ಮ ತುತ್ತಿಗೆ ಬಾಯಿ ತೆರೆಯುತ್ತಿರಲಿಲ್ಲ. ಅಪ್ಪ ಸೊಣ್ಣಪ್ಪ ಚಮಚ ಹಿಡಿದು ಕಾಯಬೇಕಿತ್ತು.

ರೈಲಿನ ಜೋಂಪಿನಲ್ಲಿ ಆ ಹಸಿರು ಎಳೆಗಳು ಬೂದಿಕೋಟೆ ಕೆರೆಯಂಗಳದಲ್ಲಿ ಮೇಯುತ್ತಿರುತ್ತಿದ್ದವು. ಅವುಗಳ ಹಿಂದೆ ಅಮ್ಮ, ಎರಡೂ ಕೈ ಬೀಸಿಕೊಂಡು ನಡೆದು ಬರುತ್ತಿದ್ದಳು. ಎಚ್ಚರವಾದಾಗ ಸಿಟ್ಟು ಬರುವಷ್ಟು ಚೆನ್ನಾಗಿತ್ತು ಆ ಕನಸು.

ಒಂದು ಬುಧವಾರ ನೋಡಿದರೆ ಗಾಜಿನ ತಟ್ಟೆಯಲ್ಲಿ ಅಮ್ಮನ ಎಳೆಗಳೆಲ್ಲ ತುಂಡುತುಂಡಾಗಿ ಬಿದ್ದಿದ್ದವು. ರೋಗಿಯ ಕೋಶ ಹಾಗೆ ಸಾಯುತ್ತದೆಂದು ಶಶಿರೇಖಳಿಗೆ ಗೊತ್ತಿದ್ದದ್ದೇ. ಆದರೂ ಕುಳಿತು ಅತ್ತಳು. ಅಮ್ಮ ಆಗಲೇ ಅರ್ಧ ಇಳಿದುಹೋಗಿದ್ದಾಳೆ, ಒಂದು ಹೊತ್ತಿನ ಊಟ ತಪ್ಪಿದರೂ ಕಷ್ಟ. ಕಣ್ಣೊರೆಸಿಕೊಂಡು ಫೋನ್ ಮಾಡಿ ಆಕ್ದೆ ಎಂದಳು. ಗುರುವಾರ, ಶುಕ್ರವಾರ, ಶನಿವಾರವೂ ಅದೇ ಸುಳ್ಳು.

ಶನಿವಾರ ಸಂಜೆ ಮನೆಗೆ ಬಂದು ರಾಗಿ ಸರಿಯ ಚಮಚ ಎತ್ತಿದವಳಿಗೆ ಕೈ ಮುಂದೆ ಹೋಗಲಿಲ್ಲ. ನಿನ್ನವು ಬುಧವಾರವೇ ಸತ್ತುಹೋದವು, ನಾನು ಸುಳ್ಳು ಹೇಳುತ್ತಿದ್ದೆ ಎಂದು ಒಪ್ಪಿಕೊಂಡಳು. ಅಮ್ಮ ತುಟಿ ಬಿಗಿಹಿಡಿದು ಸೂರು ನೋಡುತ್ತ ಮಲಗಿದಳು. ಇನ್ನು ಈಕೆ ಉಣ್ಣುವುದಿಲ್ಲ ಎಂದುಕೊಂಡು ಶಶಿರೇಖ ಚಮಚವನ್ನು ಬಟ್ಟಲಿಗೆ ಇಳಿಸಿದಳು.

ಆಗ ಅಮ್ಮನ ತೊದಲು ಮಾತು ಹೊರಟಿತು. "ಬ್ಯಾರೆಯೋರವೂ ಅವೆಯಾ ಅಲ್ಲಿ?"

"ಅವೆ ಕಣಮ್ಮಾ. ಅನ್ನೊಂದು ಜನದ್ದು."

"ಅವಕ್ಕೆ ಆಕ್ದಾ ಇವತ್ತು?"

"ಆಕ್ಬುಟ್ಟೇ ಬಂದೆ."

ಆದಿಲಕ್ಷ್ಮಮ್ಮ ಬಾಯಿ ತೆರೆದಳು.