ಬಸ್ಸಿನ ಬಾಗಿಲಿಂದ ಬಂದ ಸುದ್ದಿ

“ನಾಳಿ ಮುಂಜಾನೆ ಸಾಹೇಬ್ರು ತಪಾಸಣಿಗೆ ಬರ್ತಾರ್ರಿ, ಎಲ್ಲಾರೂ ಹುಷಾರ್ ಇರ್ರಿ,” ಎಂದು ಬಾಗಿಲಲ್ಲಿ ನಿಂತೇ ಹೇಳಿ, ಕಂಡಕ್ಟರ್ ಕಾಕಾ ಸೀಟಿ ಊದಿದರು. ಬಸ್ಸು ಹೋಯಿತು.

ಎಪ್ಪತ್ತರ ದಶಕದಲ್ಲಿ ಕಲಘಟಗಿ ಕಡೆಯ ಆ ಊರಿಗೆ ಫೋನಿರಲಿಲ್ಲ. ಎಲ್ಲ ಕಚೇರಿಗಳ ಸುದ್ದಿಯನ್ನೂ ಕಾಕಾನೇ ತರುತ್ತಿದ್ದರು. ಹಾಗಾಗಿ ಬರುವವರು ತಮ್ಮ ತಮ್ಮ ಇಲಾಖೆಯ ಸಾಹೇಬರೇ ಎಂದು ಎಲ್ಲರೂ ತಿಳಿದರು. ಶಾಲೆಯಲ್ಲಿ ಶಿಕ್ಷಕಿಯಾಗಿದ್ದ ನಾನು ಎರಡು ತಿಂಗಳಿಂದ ಬಾಕಿಯಿದ್ದ ಪಾಠ ಟಿಪ್ಪಣಿಯನ್ನು ಸಂಜೆಯೊಳಗೆ ಬರೆದು ಮುಗಿಸಿದೆ. ಪೋಸ್ಟ್ ಮಾಸ್ತರರು ತಕ್ಕಡಿ ತಿಕ್ಕಿ ಹೊಳೆಸಿದರು. ದನದ ದವಾಖಾನೆಯ ಕಂಪೌಂಡರು ಬಾಟಲಿಗಳನ್ನೆಲ್ಲ ತೊಳೆದು, ಸಾಲದೆಂಬಂತೆ ಬಾಗಿಲಲ್ಲಿ ಕಟ್ಟಿದ್ದ ಎಮ್ಮೆಯ ಮೈಯನ್ನೂ ತೊಳೆದರು.

ಮರುದಿನ ಬಸ್ಸಿನಿಂದ ಇಳಿದ ಸಾಹೇಬರಿಗೆ ನಾವು ಮೂವರೂ ಸಾಲಾಗಿ ನಿಂತು ನಮಸ್ಕಾರ ಮಾಡಿದೆವು. ಅವರು ಗಾಬರಿಯಿಂದ ನಮ್ಮನ್ನು ನೋಡಿ, “ನೀವ್ಯಾರೂ ಟಿಕೀಟ್ ತಗಸಿಲ್ಲೇನ್ರಿ?” ಎಂದರು. ಅವರು ಬಸ್ಸಿನ ಟಿಕೀಟು ತಪಾಸಣೆಯ ಸಾಹೇಬರು. ಕಾಕಾ ಎಚ್ಚರಿಸಿದ್ದು ಪ್ರಯಾಣಿಕರನ್ನು. ನಾವು ಹೊಟ್ಟೆ ಹಿಡಿದುಕೊಂಡು ನಕ್ಕೆವು.

ಮುಂದಿನ ವಾರ ಶಾಲೆಯ ಸಾಹೇಬರು ನಿಜವಾಗಿಯೂ ಬಂದು, ನನ್ನ ಟಿಪ್ಪಣಿ ನೋಡಿ ಶಾಬಾಸ್ ಎಂದರು. ಅವರು ಬರುತ್ತಾರೆಂದು ತಿಳಿಸುವ ಪತ್ರ, ಅವರು ಹೋದ ನಾಲ್ಕು ದಿನಕ್ಕೆ ಟಪಾಲಿನಲ್ಲಿ ಬಂತು. ನಿವೃತ್ತಳಾಗಿ ಎಷ್ಟೋ ವರ್ಷವಾದರೂ, ಬಸ್ಸಿನ ಸೀಟಿ ಕೇಳಿದರೆ ನನ್ನ ಕೈ ಪೆನ್ನು ಹುಡುಕುತ್ತದೆ.